ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಮೆರಿಕ: ಎರಡೂವರೆ ಗಂಟೆಯ ಪ್ರಯಾಣ ನಿಜವೇ?

ವಿಮಾನದ ಟಿಕೆಟ್ ಅಥವಾ ವೇಳಾಪಟ್ಟಿಯ ಫೋಟೊ ಹಾಕಿ, ಅದರ ಕೆಳಗೆ ನಾಲ್ಕು ಸಾಲು ಬರೆದು ಕಳಿಸುವ ಫಾರ್ವರ್ಡ್‌ಗಳು ನಿಮ್ಮ ಗುಂಪಿಗೂ ಬಂದಿರಬಹುದು. ಒಂದರಲ್ಲಿ "ಬೆಂಗಳೂರಿನಿಂದ ಅಮೆರಿಕಕ್ಕೆ ಈಗ ಬರೀ ಎರಡೂವರೆ ಗಂಟೆ" ಎಂದಿರುತ್ತದೆ. ಇನ್ನೊಂದರಲ್ಲಿ "ಅಮೆರಿಕದಿಂದ ಬರಲು ಎರಡು ದಿನ ಬೇಕು, ಹೋಗಲು ಒಂದೇ ದಿನ ಸಾಕು, ಏಕೆಂದರೆ ಭೂಮಿ ತಿರುಗುತ್ತದೆ" ಎಂದಿರುತ್ತದೆ. ಮತ್ತೊಂದರಲ್ಲಿ ನಕಾಶೆಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆ ತೋರಿಸಿ, "ನೇರ ದಾರಿ ಬಿಟ್ಟು ವಿಮಾನ ಉತ್ತರ ಧ್ರುವದ ಕಡೆ ಸುತ್ತಿ ಹೋಗುವುದೇಕೆ? ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ" ಎಂದು ಕೇಳಿರುತ್ತಾರೆ.

ಇವನ್ನು ಓದಿ ನಕ್ಕು ಬಿಟ್ಟುಬಿಡಬಹುದು. ಆದರೆ ಇಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಹಳ್ಳಿಗಳಿಂದಲೂ ಮಕ್ಕಳು ಓದಲು, ದುಡಿಯಲು ದೂರದ ದೇಶಗಳಿಗೆ ಹೋಗುತ್ತಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ ಮೊದಲ ಬಾರಿ ಒಬ್ಬರೇ ವಿಮಾನ ಹತ್ತುತ್ತಾರೆ. ಊರಲ್ಲಿ ಸಾವಾದಾಗ ಮಗ ಬರುವವರೆಗೆ ಕಾಯಬೇಕೋ ಬೇಡವೋ ಎಂದು ಹಿರಿಯರು ಕೂತು ಲೆಕ್ಕ ಹಾಕುತ್ತಾರೆ. ಆಗ ಈ ಲೆಕ್ಕ ತಪ್ಪಿದರೆ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ನಾವು ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಪ್ರಯಾಣದ ಸಮಯವನ್ನು ಲೆಕ್ಕ ಹಾಕುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ಒಂದು ನಿಜವಾದ ಹಾರಾಟ

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ಮೊದಲ ಬಾರಿಗೆ ತಡೆರಹಿತ ವಿಮಾನ ಹಾರಿಸಿತು. ಬಂದದ್ದು ಬೋಯಿಂಗ್ 777-200ಎಲ್‌ಆರ್ ವಿಮಾನ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರೇ: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ ಮತ್ತು ಶಿವಾನಿ ಮನ್ಹಾಸ್. ಉತ್ತರ ಧ್ರುವ ಪ್ರದೇಶದ ಮೇಲಿಂದ ಹಾರಿಬಂದ ಈ ವಿಮಾನದ ಸುದ್ದಿ ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ಆ ಮೊದಲ ಹಾರಾಟಗಳಿಗೆ ಪ್ರಕಟಿಸಿದ್ದ ವೇಳಾಪಟ್ಟಿ ಹೀಗಿತ್ತು.

ಬರುವ ವಿಮಾನ: ಜನವರಿ 9ರ ರಾತ್ರಿ 8.30ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ಬಿಡುವುದು, ಜನವರಿ 11ರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲುಪುವುದು.

ಹೋಗುವ ವಿಮಾನ: ಜನವರಿ 11ರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಡುವುದು, ಅದೇ ಜನವರಿ 11ರ ಸಂಜೆ 5ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ತಲುಪುವುದು.

ಗಡಿಯಾರ ನೋಡಿ ನೇರವಾಗಿ ಕಳೆದರೆ ಬರಲು 31 ಗಂಟೆ 15 ನಿಮಿಷ, ಹೋಗಲು ಎರಡೂವರೆ ಗಂಟೆ! ಇಂಥ ಫಾರ್ವರ್ಡ್‌ಗಳು ಹುಟ್ಟುವುದು ಇಲ್ಲಿಂದಲೇ. ಟಿಕೆಟ್ಟಿನಲ್ಲಿರುವ ಸಂಖ್ಯೆಗಳು ಸುಳ್ಳಲ್ಲ, ಕಳೆಯುವ ರೀತಿ ತಪ್ಪು.

ಟಿಕೆಟ್ಟಿನ ಸಮಯ ಯಾವ ಊರಿನದು?

ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದ ಪ್ರಕಾರ ಬರೆಯುತ್ತಾರೆ. ತಲುಪುವ ಸಮಯವನ್ನು ತಲುಪುವ ಊರಿನ ಗಡಿಯಾರದ ಪ್ರಕಾರ ಬರೆಯುತ್ತಾರೆ. ಪ್ರಪಂಚದ ಎಲ್ಲ ವಿಮಾನ ಸಂಸ್ಥೆಗಳೂ ಇದನ್ನೇ ಪಾಲಿಸುತ್ತವೆ. ಹುಬ್ಬಳ್ಳಿಯಿಂದ ದೆಹಲಿಗೆ ಹೋಗುವಾಗ ಇದು ನಮ್ಮ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಇಡೀ ಭಾರತಕ್ಕೆ ಒಂದೇ ಸಮಯ. ದೇಶ ದಾಟಿದಾಗ ಗಡಿಯಾರ ಬದಲಾಗುತ್ತದೆ.

ಭೂಮಿ 24 ಗಂಟೆಗೆ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ. ಹಾಗಾಗಿ ನಮಗಿಂತ 15 ಡಿಗ್ರಿ ಪಶ್ಚಿಮಕ್ಕಿರುವ ಊರಲ್ಲಿ ಸೂರ್ಯ ಒಂದು ಗಂಟೆ ತಡವಾಗಿ ಹುಟ್ಟುತ್ತಾನೆ. ಭಾರತದ ಸಮಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಸ್ಯಾನ್‌ಫ್ರಾನ್ಸಿಸ್ಕೊ ಸಮಯ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದಿದೆ. ಎರಡೂ ಸೇರಿದರೆ ವ್ಯತ್ಯಾಸ ಹದಿಮೂರೂವರೆ ಗಂಟೆ. ಅಲ್ಲಿಯವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಆ ಬೇಸಿಗೆಯ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಲೆಕ್ಕದ ಸುಲಭ ಉಪಾಯ ಒಂದೇ: ಎರಡೂ ಸಮಯವನ್ನು ಭಾರತದ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಬರುವ ವಿಮಾನ ಜನವರಿ 9ರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಡುವಾಗ ನಮ್ಮಲ್ಲಿ ಜನವರಿ 10ರ ಬೆಳಿಗ್ಗೆ 10 ಗಂಟೆ. ಇಳಿಯುವುದು 11ರ ಬೆಳಗಿನ ಜಾವ 3.45ಕ್ಕೆ. ನಡುವಿನ ಅವಧಿ 17 ಗಂಟೆ 45 ನಿಮಿಷ.

ಹೋಗುವ ವಿಮಾನ ಜನವರಿ 11ರ ಮಧ್ಯಾಹ್ನ 2.30ಕ್ಕೆ ನಮ್ಮಲ್ಲಿಂದ ಹೊರಡುತ್ತದೆ. ಅಲ್ಲಿ ಸಂಜೆ 5 ಆದಾಗ ನಮ್ಮಲ್ಲಿ ಜನವರಿ 12ರ ಬೆಳಗ್ಗೆ 6.30. ನಡುವಿನ ಅವಧಿ 16 ಗಂಟೆ.

ಇನ್ನೂ ಒಂದು ಮಾತು. ಟಿಕೆಟ್ಟಿನಲ್ಲಿ ತೋರಿಸುವ ಅವಧಿ ಬರೀ ಆಕಾಶದಲ್ಲಿರುವ ಅವಧಿಯಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲ್ದಾಣದ ಬಾಗಿಲಿಗೆ ಬರುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ?

ಭೂಮಿಯ ಮೇಲ್ಮೈ ಮೇಲೆ ಅತಿ ಹತ್ತಿರದ ದಾರಿ ಅಳೆದರೆ ಈ ಎರಡು ನಿಲ್ದಾಣಗಳ ನಡುವೆ ಸುಮಾರು 14,000 ಕಿ.ಮೀ. ಇದೆ. ವಿಮಾನ 10–11 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಬಹಳ ಹೆಚ್ಚಾಗುತ್ತದೆಯೇ? ಇಲ್ಲ. ಭೂಮಿಯ ತ್ರಿಜ್ಯವೇ 6,371 ಕಿ.ಮೀ. ಇರುವಾಗ 11 ಕಿ.ಮೀ. ಎತ್ತರದಿಂದ ಇಡೀ ಪ್ರಯಾಣಕ್ಕೆ ಸೇರುವುದು 25 ಕಿ.ಮೀ.ಗೂ ಕಡಿಮೆ.

ಈಗ ಶಾಲೆಯ ಗೋಡೆ ಮೇಲಿನ ನಕಾಶೆಗೆ ಬನ್ನಿ. ಅದರಲ್ಲಿ ಭಾರತ ಬಲಗಡೆ, ಅಮೆರಿಕ ಎಡಗಡೆ. ಎರಡರ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ನೋಡಲು ಅದೇ ನೇರ ದಾರಿ. ಆದರೆ ನಿಜವಾದ ಭೂಮಿಯ ಮೇಲೆ ಆ ಗೆರೆಯನ್ನು ಹಿಡಿದು ಹೋದರೆ ಸುಮಾರು 20,000 ಕಿ.ಮೀ. ಆಗುತ್ತದೆ ಎಂಬುದು ನಮ್ಮ ಲೆಕ್ಕ. ನಕಾಶೆಯಲ್ಲಿ ಸುತ್ತುದಾರಿಯಂತೆ ಕಾಣುವ ಉತ್ತರದ ದಾರಿಗಿಂತ 6,000 ಕಿ.ಮೀ. ಹೆಚ್ಚು! ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಸುಮಾರು 1,700 ಕಿ.ಮೀ. ಅಂಥ ಮೂರೂವರೆ ಪ್ರಯಾಣದಷ್ಟು ದಾರಿ ವ್ಯರ್ಥ.

ಹಾಗಾದರೆ ನಕಾಶೆ ಸುಳ್ಳು ಹೇಳುತ್ತದೆಯೇ?

ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಲು ಎಲ್ಲೋ ಒಂದು ಕಡೆ ಎಳೆಯಲೇಬೇಕು. ನಾವು ಹೆಚ್ಚಾಗಿ ನೋಡುವ ನಕಾಶೆಯ ಮಾದರಿಯನ್ನು 1569ರಲ್ಲಿ ಮರ್ಕೇಟರ್ ಎಂಬುವವರು ರೂಪಿಸಿದರು. ಸಮುದ್ರಯಾನಕ್ಕೆ ದಿಕ್ಕು ಹಿಡಿಯಲು ಅದು ಬಹಳ ಅನುಕೂಲ. ಆದರೆ ಧ್ರುವಗಳ ಕಡೆ ಹೋದಂತೆ ಅದರಲ್ಲಿ ಜಾಗ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆ ನಕಾಶೆಯಲ್ಲಿ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ನಮ್ಮ ಭಾರತವೂ ಗ್ರೀನ್‌ಲ್ಯಾಂಡ್‌ಗಿಂತ ದೊಡ್ಡದು!

ಸಮಭಾಜಕದ ಮೇಲೆ 15 ಡಿಗ್ರಿ ರೇಖಾಂಶ ದಾಟಲು ಸುಮಾರು 1,670 ಕಿ.ಮೀ. ಹೋಗಬೇಕು. 60 ಡಿಗ್ರಿ ಉತ್ತರಕ್ಕೆ ಹೋಗಿ ದಾಟಿದರೆ ಅದರ ಅರ್ಧ, ಸುಮಾರು 835 ಕಿ.ಮೀ. ಸಾಕು. ಉತ್ತರಕ್ಕೆ ಹೋದಷ್ಟೂ ಸುತ್ತು ಕಿರಿದಾಗುತ್ತದೆ. ಚಪ್ಪಟೆ ನಕಾಶೆ ಮಾತ್ರ ಎರಡನ್ನೂ ಒಂದೇ ಅಗಲವಾಗಿ ತೋರಿಸುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ದುಂಡಗಿನ ಕಲ್ಲಂಗಡಿ ಹಣ್ಣು ತೆಗೆದುಕೊಳ್ಳಿ. ತೊಟ್ಟನ್ನು ಉತ್ತರ ಧ್ರುವ ಅಂದುಕೊಳ್ಳಿ. ನಡು ಸುತ್ತಿಗಿಂತ ಸ್ವಲ್ಪ ಮೇಲೆ ಒಂದು ಕಡೆ ಬೆಂಗಳೂರು ಎಂದು ಗುರುತು ಹಾಕಿ. ಹೆಚ್ಚುಕಡಿಮೆ ಅದರ ಎದುರು ಬೆನ್ನಿಗೆ, ಇನ್ನೂ ಸ್ವಲ್ಪ ಮೇಲೆ ಸ್ಯಾನ್‌ಫ್ರಾನ್ಸಿಸ್ಕೊ ಎಂದು ಗುರುತು ಹಾಕಿ. ಈಗ ಒಂದು ದಾರವನ್ನು ಎರಡೂ ಗುರುತಿಗೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ನಡುವನ್ನು ಸುತ್ತುವುದಿಲ್ಲ. ತಾನಾಗಿಯೇ ತೊಟ್ಟಿನ ಹತ್ತಿರಕ್ಕೆ ಜಾರುತ್ತದೆ. ಆ ದಾರವೇ ವಿಮಾನದ ದಾರಿ.

ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ನಡುವಿನ ಅತಿ ಹತ್ತಿರದ ಗೆರೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ. ಅದು ಆರ್ಕ್‌ಟಿಕ್ ವೃತ್ತಕ್ಕಿಂತಲೂ ಮೇಲೆ. ಅಂದರೆ ವಿಮಾನ ಧ್ರುವದ ಕಡೆ ಹೋಗುವುದರ ಹಿಂದೆ ಯಾವ ಗುಟ್ಟೂ ಇಲ್ಲ. ಭೂಮಿ ಚಪ್ಪಟೆಯಾಗಿದ್ದರೆ ಈ ದಾರಿ ಹತ್ತಿರವಾಗಲು ಸಾಧ್ಯವೇ ಇರಲಿಲ್ಲ. "ಭೂಮಿ ದುಂಡಗಿಲ್ಲ" ಎಂದು ತೋರಿಸಲು ಕಳಿಸುವ ಆ ಬಾಗಿದ ಗೆರೆಯೇ ಭೂಮಿ ದುಂಡಗಿದೆ ಎಂಬುದಕ್ಕೆ ಸಾಕ್ಷಿ.

ಭೂಮಿ ತಿರುಗುವುದರಿಂದ ವಿಮಾನ ಬೇಗ ಮುಟ್ಟುತ್ತದೆಯೇ?

ಇದು ತುಂಬಾ ಹಳೆಯ ಪ್ರಶ್ನೆ. "ಹೆಲಿಕಾಪ್ಟರ್ ಮೇಲೆ ಏರಿ ಸುಮ್ಮನೆ ನಿಂತರೆ ಸಾಕು, ಭೂಮಿ ಕೆಳಗೆ ತಿರುಗಿ ಅಮೆರಿಕ ತಾನೇ ಬರಬೇಕಲ್ಲ?" ಎಂದು ಕೇಳುತ್ತಾರೆ. ಭೂಮಿ ಸಮಭಾಜಕದ ಬಳಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ಸಿಂಧನೂರಿನ ಅಕ್ಷಾಂಶದಲ್ಲಿ ಆ ವೇಗ ಗಂಟೆಗೆ ಸುಮಾರು 1,600 ಕಿ.ಮೀ.

ಓಡುತ್ತಿರುವ ಬಸ್ಸಿನಲ್ಲಿ ಕೂತು ಒಂದು ನಿಂಬೆಹಣ್ಣನ್ನು ಮೇಲಕ್ಕೆ ಎಸೆದು ನೋಡಿ. ಅದು ಹಿಂದಿನ ಸೀಟಿನವರ ತಲೆಗೆ ಬಡಿಯುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ಬಸ್ಸಿನ ವೇಗ ನಿಮಗೂ, ನಿಂಬೆಹಣ್ಣಿಗೂ, ಒಳಗಿನ ಗಾಳಿಗೂ ಮೊದಲೇ ಇದೆ. ಭೂಮಿಯದೂ ಹಾಗೆಯೇ. ನೆಲದ ಜೊತೆ ಗಾಳಿಯೂ ತಿರುಗುತ್ತಿದೆ, ನೆಲದಿಂದ ಎದ್ದ ಹೆಲಿಕಾಪ್ಟರೂ ತಿರುಗುತ್ತಿದೆ. ಹಾಗಾಗದಿದ್ದರೆ ಬೆಂಗಳೂರಿನಲ್ಲಿ ಮೇಲೆದ್ದ ಹೆಲಿಕಾಪ್ಟರ್ ಒಂದು ಗಂಟೆಯಲ್ಲಿ ಅರಬ್ಬಿ ಸಮುದ್ರದ ಮೇಲಿರುತ್ತಿತ್ತು. ಮನೆಯಿಂದ ಹೊರಗೆ ಕಾಲಿಟ್ಟ ನಮಗೂ ಗಂಟೆಗೆ 1,600 ಕಿ.ಮೀ. ವೇಗದ ಗಾಳಿ ಬಡಿಯುತ್ತಿತ್ತು.

ಹಾಗಾದರೆ ಹೋಗಲು 16 ಗಂಟೆ, ಬರಲು 17 ಗಂಟೆ 45 ನಿಮಿಷ ಏಕೆ? ಇದಕ್ಕೆ ಮುಖ್ಯ ಕಾರಣ ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ, ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಇವನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವುಗಳ ವೇಗ ಕೆಲವು ಕಡೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಸಮಭಾಜಕದ ಕಡೆಯ ಬಿಸಿ ಗಾಳಿ ಧ್ರುವದ ಕಡೆ ಸಾಗುವಾಗ ಭೂಮಿಯ ತಿರುಗುವಿಕೆಯಿಂದಾಗಿ ಪೂರ್ವಕ್ಕೆ ಹೊರಳುತ್ತದೆ. ಅಂದರೆ ಭೂಮಿಯ ತಿರುಗುವಿಕೆ ವಿಮಾನದ ಸಮಯದ ಮೇಲೆ ಪರಿಣಾಮ ಬೀರುವುದು ನಿಜ, ಆದರೆ ಅದು ಗಾಳಿಯ ಮೂಲಕ, ಫಾರ್ವರ್ಡ್‌ನಲ್ಲಿ ಹೇಳುವ ರೀತಿಯಲ್ಲಲ್ಲ.

ಹರಿಯುವ ಹೊಳೆಯಲ್ಲಿ ಹರಿಗೋಲನ್ನು ನೀರಿನ ಜೊತೆ ಬಿಡುವುದಕ್ಕೂ ನೀರಿಗೆ ಎದುರಾಗಿ ಹುಟ್ಟು ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇದು. ಒಂದು ಸರಳ ಲೆಕ್ಕ ನೋಡಿ. ಬೋಯಿಂಗ್ 777 ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಇಡೀ ದಾರಿಯಲ್ಲಿ ಸರಾಸರಿ 50 ಕಿ.ಮೀ. ವೇಗದ ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಮೇಲಿನ ವೇಗ 950. ಆಗ 14,000 ಕಿ.ಮೀ.ಗೆ ಸುಮಾರು 14 ಗಂಟೆ 45 ನಿಮಿಷ. ಅದೇ ಗಾಳಿ ಎದುರಾದರೆ ವೇಗ 850, ಸಮಯ ಸುಮಾರು 16 ಗಂಟೆ 30 ನಿಮಿಷ. ಎರಡರ ನಡುವೆ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ. ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು, ಸಣ್ಣಪುಟ್ಟ ಸುತ್ತು ಸೇರಿ ಇನ್ನೊಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ವೇಳಾಪಟ್ಟಿಯ 16 ಮತ್ತು 17.45 ಗಂಟೆಗಳಿಗೆ ಇದು ಎಷ್ಟು ಹತ್ತಿರ ಬರುತ್ತದೆ ನೋಡಿ.

ಪೈಲಟ್‌ಗಳೂ ನೆಲದ ಮೇಲೆ ಯೋಜನೆ ಹಾಕುವವರೂ ಅಂದಂದಿನ ಗಾಳಿ ನೋಡಿ ದಾರಿ ಆರಿಸುತ್ತಾರೆ. ಹೋಗುವಾಗ ಗಾಳಿ ಸಿಗುವ ಕಡೆ, ಬರುವಾಗ ಗಾಳಿ ತಪ್ಪುವ ಕಡೆ. ಹಾಗಾಗಿ ಇವತ್ತಿನ ದಾರಿ ನಾಳೆ ಇರಬೇಕೆಂದಿಲ್ಲ.

ದಾರಿ ಬದಲಿಸುವ ಇತರ ಸಂಗತಿಗಳು

ಹತ್ತಿರದ ದಾರಿ ಎಂದಾಕ್ಷಣ ಎಲ್ಲ ವಿಮಾನಗಳೂ ಅದರಲ್ಲೇ ಹೋಗಲಾಗದು. ಎರಡು ಎಂಜಿನ್‌ಗಳ ವಿಮಾನ ದಾರಿಯಲ್ಲಿ ಎಲ್ಲೇ ಇದ್ದರೂ, ಒಂದು ಎಂಜಿನ್ ಕೆಟ್ಟರೆ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು ಎಂಬ ನಿಯಮವಿದೆ. ಧ್ರುವದ ಬಳಿ ಹಾರುವ ಸಂಸ್ಥೆಗಳಿಗೆ ಪ್ರತ್ಯೇಕ ಅನುಮತಿ ಮತ್ತು ತರಬೇತಿ ಬೇಕು. ಅಲ್ಲಿ ಹೊರಗಿನ ಚಳಿ ವಿಪರೀತ. ಸಾಮಾನ್ಯವಾಗಿ ಬಳಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯ ಸುಮಾರಿಗೆ ಗಟ್ಟಿಯಾಗತೊಡಗುವುದರಿಂದ ಟ್ಯಾಂಕಿನೊಳಗಿನ ತಾಪಮಾನದ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರುತ್ತಾರೆ.

ಈ ನಿಯಮಗಳು ಬರೀ ಕಾಗದದ ಮೇಲಿನವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಪಟ್ಟಣದಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಿಕರನ್ನು ಮುಂದಕ್ಕೆ ಕರೆದೊಯ್ಯಲು ಬೇರೆ ವಿಮಾನ ಕಳಿಸಬೇಕಾಯಿತು.

ರಾಜಕೀಯವೂ ದಾರಿಯನ್ನು ಉದ್ದ ಮಾಡುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಯುನೈಟೆಡ್ ಏರ್‌ಲೈನ್ಸ್ ಯೋಜಿಸಿದ್ದ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ತಡೆರಹಿತ ವಿಮಾನ ಶುರುವಾಗಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು. ಅಮೆರಿಕದ ಕೆಲವು ಹಾರಾಟಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದು ಹೋದವು. ಆದ್ದರಿಂದ ಎರಡು ವರ್ಷದ ಹಿಂದಿನ ಟಿಕೆಟ್ಟಿನ ಫೋಟೊ ನೋಡಿ ಇವತ್ತಿನ ಸಮಯ ಹೇಳಬಾರದು. ಯಾವ ವಿಮಾನ ಈಗ ಇದೆ, ಯಾವುದು ಇಲ್ಲ ಎಂಬುದನ್ನು ಆಯಾ ಸಂಸ್ಥೆಯ ಜಾಲತಾಣದಲ್ಲೇ ನೋಡಬೇಕು.

"ಮಗ ಬರೋತನ ತಡಿಯೋಣೇನು?"

ಈಗ ಈ ಲೆಕ್ಕ ನಿಜವಾಗಿ ಬೇಕಾಗುವ ಹೊತ್ತಿಗೆ ಬರೋಣ. ವಳಕಮದಿನ್ನಿಯಂಥ ಒಂದು ಊರು ಅಂದುಕೊಳ್ಳಿ. ಚಳಿಗಾಲದ ಒಂದು ಸೋಮವಾರ ಬೆಳಗ್ಗೆ 6 ಗಂಟೆಗೆ ಮನೆಯ ಹಿರಿಯರು ತೀರಿಕೊಳ್ಳುತ್ತಾರೆ. ಮಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿದ್ದಾನೆ. ಮಣ್ಣು ಇವತ್ತೇ ಮಾಡಬೇಕೋ, ಮಗ ಬರುವವರೆಗೆ ತಡೆಯಬೇಕೋ ಎಂದು ದೈವದವರು, ಬೀಗರು ಕೇಳುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆ ತರಿಸಬೇಕೇ, ಎಷ್ಟು ಹೊತ್ತಿಗೆ? ಉತ್ತರ ತಕ್ಷಣ ಬೇಕು.

ಒಬ್ಬರು ಮೊಬೈಲ್ ತೆಗೆದು "ಹದಿನೇಳು ತಾಸಿನ ದಾರಿ, ಇವತ್ತು ರಾತ್ರಿ ಹನ್ನೊಂದಕ್ಕೆಲ್ಲ ಬರ್ತಾನ" ಎನ್ನುತ್ತಾರೆ. ಇನ್ನೊಬ್ಬರು "ರವಿವಾರ ಬಿಟ್ಟರೆ ಮಂಗಳವಾರ ಮುಟ್ಟತೈತಿ ಅಂತ ಬರದಾರ, ಎರಡು ದಿನ ಕಾಯೋದು ಆಗೂದಿಲ್ಲ" ಎನ್ನುತ್ತಾರೆ. ಇಬ್ಬರದೂ ತಪ್ಪು.

ಲೆಕ್ಕ ಹೀಗೆ ಮಾಡಿ. ನಮ್ಮಲ್ಲಿ ಸೋಮವಾರ ಬೆಳಗ್ಗೆ 6 ಆದಾಗ ಅಲ್ಲಿ ಭಾನುವಾರ ಸಂಜೆ 4.30. ಪಾಸ್‌ಪೋರ್ಟ್ ಕೈಯಲ್ಲಿದ್ದು, ಟಿಕೆಟ್ ಸಿಕ್ಕು, ಅದೇ ದಿನ ರಾತ್ರಿ 8.30ಕ್ಕೆ ನಾವು ಮೇಲೆ ನೋಡಿದಂಥ ತಡೆರಹಿತ ವಿಮಾನ ಇದ್ದರೆ, ಅದು ಹೊರಡುವುದು ನಮ್ಮ ಸೋಮವಾರ ಬೆಳಗ್ಗೆ 10ಕ್ಕೆ. ಬೆಂಗಳೂರು ಮುಟ್ಟುವುದು ಮಂಗಳವಾರ ಬೆಳಗಿನ ಜಾವ 3.45ಕ್ಕೆ. ಇಮಿಗ್ರೇಶನ್, ಸಾಮಾನು ಮುಗಿಸಿ ಹೊರಬರಲು 5 ಗಂಟೆ. ಅಲ್ಲಿಂದ ಕಾರಿನಲ್ಲಿ ಏಳೆಂಟು ಗಂಟೆ. ಎಲ್ಲ ಸರಿಯಾದರೆ ಮಂಗಳವಾರ ಮಧ್ಯಾಹ್ನ 1 ಗಂಟೆಯ ಸುಮಾರಿಗೆ ಮಗ ಮನೆಯ ಮುಂದೆ. ಸುದ್ದಿ ಮುಟ್ಟಿದ ಮೇಲೆ ಸುಮಾರು 31 ಗಂಟೆ.

ಇದು ಅತ್ಯಂತ ಬೇಗ ಆಗುವ ಲೆಕ್ಕ. ತಡೆರಹಿತ ವಿಮಾನ ಎಲ್ಲ ದಿನ ಇರುವುದಿಲ್ಲ. ನಡುವೆ ವಿಮಾನ ಬದಲಿಸುವುದಾದರೆ ಕಾಯುವ ಸಮಯ ಸೇರಿಸಬೇಕು. ಉದಾಹರಣೆಗೆ ದುಬೈ ಮೂಲಕ ಬಂದರೆ ಸ್ಯಾನ್‌ಫ್ರಾನ್ಸಿಸ್ಕೊ–ದುಬೈ ಸುಮಾರು 13,000 ಕಿ.ಮೀ., ದುಬೈ–ಬೆಂಗಳೂರು ಸುಮಾರು 2,700 ಕಿ.ಮೀ. ದೂರದಲ್ಲಿ ಹೆಚ್ಚಾಗುವುದು 1,700 ಕಿ.ಮೀ. ಮಾತ್ರ, ಅಂದರೆ ಎರಡು ಗಂಟೆಯ ಹಾರಾಟ. ನಿಜವಾಗಿ ಸಮಯ ತಿನ್ನುವುದು ದುಬೈಯಲ್ಲಿ ಕಾಯುವ ಗಂಟೆಗಳು. ಅದು ಎರಡು ಗಂಟೆಯೂ ಇರಬಹುದು, ಹನ್ನೆರಡು ಗಂಟೆಯೂ ಇರಬಹುದು.

ಇಂಥ ಹೊತ್ತಿನಲ್ಲಿ ಇನ್ನೊಂದು ಸಂಗತಿ ನೆನಪಿರಲಿ. ನೇರ ಗೆರೆಯಲ್ಲಿ ಅಳೆದರೆ ಸಿಂಧನೂರಿನಿಂದ ಬೆಂಗಳೂರು ವಿಮಾನ ನಿಲ್ದಾಣ ಸುಮಾರು 300 ಕಿ.ಮೀ., ಹೈದರಾಬಾದಿನ ಶಂಶಾಬಾದ್ ನಿಲ್ದಾಣ ಸುಮಾರು 240 ಕಿ.ಮೀ. ರಸ್ತೆಯಲ್ಲಿ ಎರಡೂ ಇದಕ್ಕಿಂತ ಹೆಚ್ಚು. ಬೆಂಗಳೂರಿಗೆ ಸೀಟು ಸಿಗದಿದ್ದರೆ ಹೈದರಾಬಾದಿಗೂ ಕೇಳಿ ನೋಡಿ. ಎಷ್ಟೋ ಸಲ ಮನೆ ಮುಟ್ಟುವುದು ಅಲ್ಲಿಂದಲೇ ಬೇಗ. ಮಗನನ್ನು "ಯಾವಾಗ ಹೊರಡ್ತಿ?" ಎಂದು ಕೇಳುವುದಕ್ಕಿಂತ "ನಮ್ಮ ಟೈಮಿನಾಗ ಎಷ್ಟೊತ್ತಿಗೆ ಇಳಿತಿ?" ಎಂದು ಕೇಳಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಹಿರಿಯರನ್ನು ಒಬ್ಬರೇ ಕಳಿಸುವಾಗ

ಮೊದಲನೆಯದು ತಾರೀಖು. ರಾತ್ರಿ 12 ಗಂಟೆಯ ನಂತರದ ವಿಮಾನಗಳಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಟಿಕೆಟ್ಟಿನಲ್ಲಿ "15ನೇ ತಾರೀಖು, 1.20" ಎಂದಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ತಲುಪುವ ಸಮಯದ ಪಕ್ಕದಲ್ಲಿ "+1" ಎಂದಿದ್ದರೆ ಮರುದಿನ, "+2" ಎಂದಿದ್ದರೆ ಅದರ ಮರುದಿನ ಎಂದರ್ಥ. ಕರೆದುಕೊಳ್ಳಲು ಬರುವವರಿಗೆ ತಲುಪುವ ಊರಿನ ತಾರೀಖನ್ನೇ ಹೇಳಿ.

ಎರಡನೆಯದು, "ಡೈರೆಕ್ಟ್" ಎಂದರೆ "ನಾನ್‌ಸ್ಟಾಪ್" ಎಂದೇ ಅರ್ಥವಲ್ಲ. ನಡುವೆ ಒಂದು ಕಡೆ ಇಳಿದು, ಅದೇ ವಿಮಾನ ಸಂಖ್ಯೆಯಲ್ಲಿ ಮುಂದೆ ಹೋಗುವುದನ್ನೂ ಡೈರೆಕ್ಟ್ ಎನ್ನುತ್ತಾರೆ. ಎಲ್ಲೂ ಇಳಿಯದೆ ಹೋಗುವುದು ಮಾತ್ರ ನಾನ್‌ಸ್ಟಾಪ್. ಟಿಕೆಟ್ ಕೊಡುವವರನ್ನು ಕೇಳುವಾಗ "ನಡುವೆ ಎಲ್ಲಾದರೂ ಇಳಿತದಾ?" ಎಂದು ಬಾಯಿಬಿಟ್ಟು ಕೇಳಿ.

ಮೂರನೆಯದು ಆರೋಗ್ಯ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿದೆ. ಆರೋಗ್ಯವಂತರಲ್ಲಿ ಈ ಅಪಾಯ ಚಿಕ್ಕದೇ, ಸುಮಾರು 6,000 ಜನರಲ್ಲಿ ಒಬ್ಬರಿಗೆ. ಹಾಗಾಗಿ ಹೆದರಬೇಕಿಲ್ಲ. ಆದರೆ ಗಂಟೆಗೊಮ್ಮೆ ಪಾದ ಆಡಿಸುವುದು, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ನೀರು ಕುಡಿಯುವುದು ಒಳ್ಳೆಯದು. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕೇಳಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಗಡಿಯಾರದ ಗೊಂದಲ ನಿಜಕ್ಕೂ ಅಪಾಯಕಾರಿ. ಮಧ್ಯಾಹ್ನ 2.30ಕ್ಕೆ ಹೊರಟು ಸಂಜೆ 5ಕ್ಕೆ ಇಳಿದವರ ಕೈಗಡಿಯಾರ ಎರಡೂವರೆ ಗಂಟೆ ತೋರಿಸಬಹುದು, ದೇಹಕ್ಕೆ ಮಾತ್ರ 16 ಗಂಟೆ ಕಳೆದಿರುತ್ತದೆ. ಯಾವ ಡೋಸ್ ಎಷ್ಟು ಗಂಟೆಗೆ ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಔಷಧ, ಚೀಟಿ ಎರಡೂ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ.

ನೀವೇ ಪರೀಕ್ಷಿಸುವುದು ಹೇಗೆ?

ಮೊಬೈಲಿನಲ್ಲಿ ಗೂಗಲ್ ಅರ್ಥ್ ತೆರೆದು, ದೂರ ಅಳೆಯುವ ಸೌಲಭ್ಯದಲ್ಲಿ ಎರಡು ನಿಲ್ದಾಣಗಳನ್ನು ಆರಿಸಿ. ಗೆರೆ ತಾನೇ ಬಾಗಿ ಉತ್ತರಕ್ಕೆ ಏರುವುದನ್ನು ನೋಡುತ್ತೀರಿ. ಬಂದ ಕಿಲೋಮೀಟರನ್ನು 900ರಿಂದ ಭಾಗಿಸಿ, ಒಂದು ಗಂಟೆ ಸೇರಿಸಿ. ತಡೆರಹಿತ ಹಾರಾಟಕ್ಕೆ ಅಂದಾಜು ಸಮಯ ಸಿಗುತ್ತದೆ. ಬೆಂಗಳೂರು–ದುಬೈಗೆ ಈ ಲೆಕ್ಕ ಹಾಕಿದರೆ ನಾಲ್ಕು ಗಂಟೆ ಬರುತ್ತದೆ, ನಿಜದಲ್ಲೂ ಅಷ್ಟೇ ಹಿಡಿಯುತ್ತದೆ. ಫಾರ್ವರ್ಡ್‌ನಲ್ಲಿರುವ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯಿದ್ದರೆ, ಯಾರೋ ಎರಡು ಊರಿನ ಗಡಿಯಾರಗಳನ್ನು ಹಾಗೆಯೇ ಕಳೆದಿದ್ದಾರೆ ಎಂದು ತಿಳಿಯಿರಿ.

ಒಟ್ಟಿನಲ್ಲಿ

ಎರಡೂವರೆ ಗಂಟೆಯಲ್ಲಿ ಅಮೆರಿಕ: ತಪ್ಪು. ನಿಜವಾದ ಅವಧಿ ಸುಮಾರು 16 ಗಂಟೆ.

ಬರಲು ಎರಡು ದಿನ ಬೇಕು: ತಪ್ಪು. ತಾರೀಖು ಎರಡು ದಾಟಿದರೂ ಪ್ರಯಾಣ ಹದಿನೆಂಟು ಗಂಟೆಯೊಳಗೆ.

ಭೂಮಿ ಕೆಳಗೆ ತಿರುಗುವುದರಿಂದ ವಿಮಾನ ಬೇಗ ಮುಟ್ಟುತ್ತದೆ: ತಪ್ಪು. ಸಮಯ ಬದಲಾಗುವುದು ಮುಖ್ಯವಾಗಿ ಮೇಲಿನ ಗಾಳಿಯಿಂದ.

ಧ್ರುವದ ಕಡೆ ಹೋಗುವುದು ಸುತ್ತುದಾರಿ: ತಪ್ಪು. ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ.

ಇಂಥ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಎರಡೂ ಸಮಯವನ್ನು ಭಾರತದ ಸಮಯಕ್ಕೆ ತಂದು ಕಳೆಯುವ ಉಪಾಯವನ್ನು ಅದೇ ಗುಂಪಿನಲ್ಲಿ ಎರಡು ಸಾಲಿನಲ್ಲಿ ಬರೆದು ಹಾಕಿ. ನಾಳೆ ಆ ಗುಂಪಿನ ಯಾರದೋ ಮನೆಯಲ್ಲಿ ಆ ಲೆಕ್ಕ ಅವಸರದಲ್ಲಿ ಬೇಕಾಗಬಹುದು.